ಅವರೆಕಾಯಿಯ ಮುಂದೆ

ಸೂಪರ್ ಮಾರ್ಕೆಟ್ಟಿನ ಬೆಲೆಚೀಟಿಗಳು ಗಿರಾಕಿಯ ಮುಖದಲ್ಲಿನ ಆಸೆ ನೋಡಿ ದರ ಏರಿಸತೊಡಗಿದ ಮೇಲೆ, ಒಂಟಿಕೊಪ್ಪಲಿನ ಹೆಂಗಸರು ಹೊಟ್ಟೆ ಬಿರಿಯುವಂತೆ ಉಂಡೇ ಸಾಮಾನಿಗೆ ಹೊರಡುತ್ತಿದ್ದರು. ಆದರೂ ಚೆನ್ನಾಜಮ್ಮ ತುಪ್ಪದ ಡಬ್ಬಿಯತ್ತ ಓರೆಗಣ್ಣು ಹಾಯಿಸಿದರೆ ಸಾಕು, ಬೆಲೆ ಎಂಬತ್ತು ರೂಪಾಯಿ ಜಿಗಿಯುತ್ತಿತ್ತು.

ಹಾಗಾಗಿ ಇಡೀ ಬೀದಿಯ ಸಾಮಾನು ಕೊಳ್ಳುವವಳು ಮೇದಿನಿ. ಗಂಡ ತೀರಿಕೊಂಡ ಹದಿನಾಲ್ಕು ತಿಂಗಳಿಂದ ಅವಳಿಗೆ ಏನೂ ಬೇಕೆನಿಸುತ್ತಿರಲಿಲ್ಲ. ಅವಳು ಎದುರು ನಿಂತರೆ ಗೋಡಂಬಿಯೂ ಕಡಲೆಕಾಯಿಯ ದರಕ್ಕಿಳಿಯುತ್ತಿತ್ತು. ಪ್ರತಿ ಮನೆಯ ಚೀಲದಿಂದ ಅವಳಿಗೆ ಒಂದೊಂದು ಪಾವು ಸಿಗುತ್ತಿತ್ತು. ಅವಳ ಒಲೆ ಉರಿಯುತ್ತಿದ್ದುದು ಅದರಿಂದಲೇ.

ಅಂದು ಚೀಲ ಹೊರಲು ಚೆನ್ನಾಜಮ್ಮನೂ ಬಂದು, ಕಣ್ಣಿಗೆ ಸೆರಗು ಮುಚ್ಚಿಕೊಂಡು ಹಿಂದೆ ನಿಂತಿದ್ದರು.

"ಎರಡು ಕೆಜಿ ಅವರೆಕಾಯಿ ತಗೊಳ್ಳವ್ವ. ನಲವತ್ತು ದಾಟಬಾರ್ದು."

ಸೊಗಡಿದೆಯೇ ಎಂದು ಮೇದಿನಿ ಒಂದು ಕಾಯಿಯನ್ನು ಮೂಸಿದಳು. ಚೀಟಿ ಕೀ ಎಂದು ಅರವತ್ತಕ್ಕೆ ಹಾರಿತು. ಇನ್ನೊಮ್ಮೆ ಮೂಸಿದಳು. ತೊಂಬತ್ತು.

"ನಾನು ನೋಡಿಲ್ಲ ಕಣೇ, ದೇವ್ರಾಣೆ!" ಚೆನ್ನಾಜಮ್ಮ ಕೂಗಿಕೊಂಡರು.

"ನೀವಲ್ಲ ಅಕ್ಕ, ನಾನು. ಹಿತಕಿದ ಬೇಳೆ ಸಾರು ತಿನ್ಬೇಕು ಅನ್ನಿಸ್ಬಿಡ್ತು."

ಚೆನ್ನಾಜಮ್ಮ ಸೆರಗು ಸರಿಸಿ ಅವಳ ಮುಖವನ್ನೇ ನೋಡಿದರು. ಚೀಟಿ ನೂರಾಹತ್ತು ಮುಟ್ಟಿತ್ತು.

"ಇಡೀ ಬೀದಿ ಅನ್ನಕ್ಕೆ ಕಲ್ಲು ಹಾಕ್ದೆ ಕಣೇ," ಎಂದು ಬೈಯುತ್ತಲೇ ಪರ್ಸು ಬಿಚ್ಚಿದರು. "ಎರಡಲ್ಲ, ಮೂರು ಕೆಜಿ ತೂಗ್ಸು. ಸಂಜೆ ನಮ್ಮನೇಲೇ ಕೂತು ಹಿತಕೋಣ."

ಎರಡು ಹೆಜ್ಜೆ ಹೋದವರು ಮತ್ತೆ ತಿರುಗಿದರು.

"ಆ ತುಪ್ಪಾನೂ ತಗೋ. ಹೆಂಗೂ ಮುಳುಗಿದ್ದಾಯ್ತು."