ನಂಬರ್ ಪ್ಲೇಟು

ಮಣ್ಣಿನ ಟ್ರ್ಯಾಕಿನ ರೇಸಿಗೆಂದು ಮಿಥುನ್ ತನ್ನ ಟೂ-ಸ್ಟ್ರೋಕ್ ಬೈಕನ್ನು ಬೇಸಿಗೆಯಿಡೀ ಬಿಚ್ಚಿ ಜೋಡಿಸಿದ್ದ. ಹಗುರವಾಗಲೆಂದು ಹೆಡ್‌ಲೈಟು, ಸ್ಟ್ಯಾಂಡು ಕಿತ್ತುಹಾಕಿದ. ದಿಬ್ಬ ಹಾರಿದರೂ ತಡೆಯಲೆಂದು ಶಾಕ್ ಅಬ್ಸಾರ್ಬರ್ ಬದಲಿಸಿದ. ಎಂಜಿನ್ನಿನ ಸದ್ದು ಕೇಳಿ ಕೇಳಿ ಕಾರ್ಬೊರೇಟರನ್ನು ಹದಕ್ಕೆ ತಂದ. ಟೈರು ಕೊಡಿಸಿದವರು ಮಾತ್ರ ಊರಿನ ಮುಖಂಡ ನಂಜೇಶಣ್ಣ.

ರೇಸಿನ ಬೆಳಿಗ್ಗೆ ಅವರು ಬಂದು ಬೈಕನ್ನು ಮೇಲಿಂದ ಕೆಳಗೆ ನೋಡಿದರು.

"ನನ್ನ ಹೆಸ್ರು, ಫೋಟೊ ಎಲ್ಲಪ್ಪಾ?"

"ಹಿಂದ್ಗಡೆ ಮಡ್‌ಗಾರ್ಡ್ ಮೇಲೆ ಅಂಟ್ಸಿದೀನಣ್ಣ."

"ಹಿಂದೆ ಯಾರ್ ನೋಡ್ತಾರೆ? ಮುಂದೆ ಅಂಟ್ಸು."

"ಮುಂದೆ ನಂಬರ್ ಪ್ಲೇಟ್ ಐತಲ್ಲಣ್ಣ. ಅದು ಮುಚ್ಚೋದ್ರೆ ಗೆದ್ದಿದ್ದು ಯಾರು ಅಂತ ತೀರ್ಪುಗಾರ್ರಿಗೆ ಗೊತ್ತಾಗಲ್ಲ."

"ನೀನು ಮೊದ್ಲು ಗೆಲ್ಲು. ಆಮೇಲಿಂದು ನಾನು ನೋಡ್ಕೋತೀನಿ."

ಮಿಥುನ್ ಮನಸ್ಸಿಲ್ಲದೆ ನಂಬರಿನ ಮೇಲೇ ಅವರ ಹೆಸರಿದ್ದ ದೊಡ್ಡ ಫೋಟೊ ಅಂಟಿಸಿದ.

ಬೈಕು ಅವನು ಹೇಳಿದಂತೆ ಕೇಳಿತು. ಎಲ್ಲರಿಗಿಂತ ಮೊದಲು ಗೆರೆ ದಾಟಿದ ಮಿಥುನ್ ಹೆಲ್ಮೆಟ್ ತೆಗೆದು, ಕೆಸರು ಮೆತ್ತಿದ ಮುಖದಲ್ಲೇ ನಗುತ್ತ ವೇದಿಕೆಯತ್ತ ಓಡಿದ. ನಂಬರು ಕಾಣದ ತೀರ್ಪುಗಾರರು ಬೈಕಿನ ಮೇಲೆ ಕಂಡ ಹೆಸರನ್ನೇ ಬರೆದುಕೊಂಡಿದ್ದರು.

ಮೈಕು ಕೂಗಿತು:

"ಪ್ರಥಮ ಸ್ಥಾನ, ಸನ್ಮಾನ್ಯ ನಂಜೇಶಣ್ಣನವರು!"

ನಂಜೇಶಣ್ಣ ಜನರತ್ತ ಕೈಮುಗಿಯುತ್ತ ಹೋಗಿ ಬಹುಮಾನದ ಕಪ್ ಎತ್ತಿ ಹಿಡಿದರು.