ಯಾವ ಬಣ್ಣವಾದರೂ ಸರಿ

ತಾತ ಷೋರೂಮಿನ ಗಾಜಿನ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕುಳಿತುಬಿಟ್ಟಿದ್ದ. ಒಳಗೆ ಬರುವ ಗಿರಾಕಿಗಳಿಗೆಲ್ಲ ಅವನದು ಒಂದೇ ಮಾತು: "ತಗೋಬೇಡಿ. ನನ್ನ ಮಗಳು ತಗೊಂಡು ಅನುಭವಿಸ್ತಿದ್ದಾಳೆ."

ಮಗಳು ಅನುಭವಿಸುತ್ತಿದ್ದುದು ಕಾರಿನಿಂದಲ್ಲ, ಅಪ್ಪನಿಂದ. ಕಾರು ಮನೆಗೆ ಬಂದು ಇನ್ನೂ ವಾರ ತುಂಬಿರಲಿಲ್ಲ. ಅಪ್ಪನಿಗೆ ಸುಳಿವೂ ಕೊಡದೆ ಕೊಂಡು, ತನ್ನ ಪುಟ್ಟ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಹಾರ್ನ್ ಹೊಡೆಯುತ್ತ ಮನೆ ಮುಂದೆ ತಂದು ನಿಲ್ಲಿಸಿದ್ದಳು. ಹಿಗ್ಗಿನಿಂದ ಓಡಿಬಂದ ತಾತ ಮುಂದಿನ ಬಾಗಿಲು ತೆರೆದು, ಚೌಕಟ್ಟಿನ ಮೇಲಿದ್ದ ತಯಾರಿಕೆಯ ನಂಬರ್ ಓದಿದ. ಅವನ ಮುಖ ಬಿಳಿಚಿಕೊಂಡಿತು. ಮೊಮ್ಮಗಳನ್ನು ಎತ್ತಿ ಕೆಳಗಿಳಿಸಿದ.

"ಇದನ್ನ ವಾಪಸ್ ಕೊಟ್ಟು ಬೇರೆ ತಗೋ."

"ಯಾಕಪ್ಪಾ? ಕೊಂಡ್ರೆ ಇದೇ ಕಂಪನಿ ಕಾರು ಕೊಳ್ಳಬೇಕು ಅಂತ ಊರಿಗೆಲ್ಲ ಡಂಗುರ ಸಾರ್ತಿದ್ದೋನು ನೀನೇ ತಾನೇ?"

ತಾತ ಮೊಮ್ಮಗಳ ಕೈ ಹಿಡಿದು ಒಳಗೆ ಹೋಗಿಬಿಟ್ಟ.

ಸೋಮವಾರದಿಂದ ಮಗಳಿಗೆ ಹೊಸ ಕೆಲಸ. ಹೆದ್ದಾರಿಯಲ್ಲಿ ದಿನವೂ ದೂರದ ಓಡಾಟ. ಮಗುವಿನ ಶಾಲೆಯೂ ಅದೇ ದಾರಿಯಲ್ಲಿ. ಅಷ್ಟರೊಳಗೆ ಈ ಕಾರು ಮನೆ ಬಿಟ್ಟು ತೊಲಗಬೇಕು. ತಾತನಿಗೆ ನಿವೃತ್ತಿ ಹತ್ತಿರ ಬಂದಿತ್ತು. ಮರ್ಯಾದೆಯಿಂದ ಕೆಲಸ ಮುಗಿಸಿ ಮನೆ ಸೇರಿದರೆ ಸಾಕೆಂದು ಜ್ವರ ಬಂದರೂ ರಜೆ ಹಾಕದವನು ಈಗ ವಾರವಿಡೀ ರಜೆ ಹಾಕಿದ.

ಅಂದಿನಿಂದ ಕಾರಿಗೆ ದಿನಕ್ಕೊಂದು ರೋಗ. ಮೊದಲು ಹಾರ್ನ್ ಸತ್ತಿತು. ಮಾರನೆಯ ದಿನ ವೈಪರ್ ಕೈಕೊಟ್ಟಿತು. ಆಮೇಲೆ ಹಿಂದಿನ ದೀಪಗಳು. ಪ್ರತಿ ಸಲವೂ ತಾತ ಒಬ್ಬನೇ ಅದನ್ನು ಷೋರೂಮಿಗೆ ತರುತ್ತಿದ್ದ, ಅದೂ ಸೈಕಲ್ಲಿನವರು ಹಿಂದೆ ಹಾಕಿ ಹೋಗುವಷ್ಟು ನಿಧಾನವಾಗಿ. ಮಗಳು ಜೊತೆಗೆ ಬರುತ್ತೇನೆಂದರೆ ರೇಗುತ್ತಿದ್ದ. ಅವಳು ಮಗುವನ್ನು ಕರೆದುಕೊಂಡು ಬಸ್ಸಿನಲ್ಲಿ ಹಿಂದಿನಿಂದ ಬರಬೇಕಿತ್ತು. ಷೋರೂಮಿನ ಹುಡುಗರು ಅವನಿಗೆ 'ಹಾರ್ನ್ ತಾತ' ಎಂದು ಹೆಸರಿಟ್ಟರು.

ಸರ್ವೀಸ್ ಸೂಪರ್‌ವೈಸರ್ ಮಾತ್ರ ನಗಲಿಲ್ಲ. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಕಟ್ಟುನಿಟ್ಟು. ಕಾರನ್ನು ಮೇಲೆತ್ತಿಸಿ ಮೂಲೆ ಮೂಲೆ ಜಾಲಾಡಿದ್ದ. ತಾನೇ ಓಡಿಸಿಕೊಂಡು ಊರೆಲ್ಲ ಸುತ್ತಿ ಬಂದಿದ್ದ. ಈಗ ಬಾಗಿಲ ಬಳಿ ಬಂದು ತಾತನ ಪಕ್ಕ ಕುಕ್ಕರುಗಾಲಲ್ಲಿ ಕುಳಿತ.

"ಯಜಮಾನ್ರೇ, ಗಾಡಿ ಬಂಗಾರದ ಹಾಗಿದೆ. ವೈರುಗಳು ತಾವಾಗೇ ಬಿಚ್ಚಿಕೊಂಡಿಲ್ಲ. ಯಾರೋ ಕೈಯಾರೆ ಬಿಚ್ಚಿದ್ದಾರೆ. ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು."

ಮಗಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೂಪರ್‌ವೈಸರೇ ಮತ್ತೆ ಕೇಳಿದ.

"ಬಣ್ಣ ಹಿಡಿಸಲಿಲ್ವಾ?"

"ಯಾವ ಬಣ್ಣ ಆದ್ರೂ ಸರಿ. ಇದಕ್ಕಿಂತ ಚಿಕ್ಕದಾದ್ರೂ ಸರಿ. ಗಿರಾಕಿಗಳಿಗೆ ಓಡಿಸಿ ತೋರಿಸೋಕೆ ಇಟ್ಟಿದ್ದೀರಲ್ಲ ಹಳೇದು, ಅದಾದ್ರೂ ಸರಿ. ಇದೊಂದು ಬೇಡ."

ಸೂಪರ್‌ವೈಸರ್ ಅವನನ್ನು ದಿಟ್ಟಿಸಿ ನೋಡಿದ. ದನಿ ತಗ್ಗಿಸಿದ. "ನಿಜವಾಗ್ಲೂ ಏನಾದ್ರೂ ದೋಷ ಇದ್ರೆ ಹೇಳಿಬಿಡಿ. ಇವತ್ತೇ ಕಂಪನಿಗೆ ತಿಳಿಸ್ತೀನಿ. ಇದರ ಜೊತೆ ತಯಾರಾದ ಅಷ್ಟೂ ಗಾಡಿಗಳನ್ನ ವಾಪಸ್ ತರಿಸಿ ನೋಡ್ತಾರೆ. ತಪ್ಪು ಯಾರದು ಅನ್ನೋದೂ ಹೊರಗೆ ಬರುತ್ತೆ."

ತಾತನ ಮಾತು ನಾಲಿಗೆಯ ತುದಿಯವರೆಗೂ ಬಂತು.

"ಹಾರ್ನು... ಸ್ವಲ್ಪ ಕರ್ಕಶ," ಅಂದ.

ಹುಡುಗರು ಗೊಳ್ಳೆಂದು ನಕ್ಕರು. ತಾತ ಸೂಪರ್‌ವೈಸರನ ಎರಡೂ ಕೈ ಹಿಡಿದುಕೊಂಡು ಎಲ್ಲರೆದುರಿಗೂ ಅತ್ತುಬಿಟ್ಟ. "ದಮ್ಮಯ್ಯ ಅಂತೀನಿ. ಸೋಮವಾರ ನನ್ನ ಮೊಮ್ಮಗಳು ಇದರಲ್ಲಿ ಕೂರಬಾರದು."

ಒಳಗೆ ಕಾಲಿಡಲಿದ್ದ ಒಂದು ಸಂಸಾರ ಈ ರಂಪ ನೋಡಿ ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಹೋಯಿತು. ಷೋರೂಮಿನ ಮಾಲೀಕ ತನ್ನ ಕೋಣೆಯಿಂದ ಹೊರಗೆ ಬಂದ. ಅವನಿಗೂ ಸಾಕುಸಾಕಾಗಿತ್ತು. "ಬೇರೆ ಕೊಟ್ಟು ಕಳಿಸ್ರೀ. ಪೀಡೆ ತೊಲಗಲಿ."

ನೀಲಿ ಕಾರೊಂದು ಬಂದು ನಿಂತಿತು. ಮಗಳು ಬಣ್ಣ ನೋಡಿದಳು, ತಾತ ನಂಬರ್ ನೋಡಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. ಹೋದ ಜೀವ ಬಂದಂತಾಯಿತು. ಮೊಮ್ಮಗಳನ್ನು ತಾನೇ ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದ.

ಹತ್ತುವ ಮುನ್ನ ಸೂಪರ್‌ವೈಸರನ ಬಳಿ ಬಂದ. "ಆ ಗಾಡಿ ಏನ್ಮಾಡ್ತೀರಿ?"

"ರೇಟು ಇಳಿಸಿ ಮಾರಿಬಿಡಿ ಅಂದ್ರು ಮಾಲೀಕರು. ನಾನೇ ತಗೊಂಡುಬಿಟ್ಟೆ," ಎಂದು ಸೂಪರ್‌ವೈಸರ್ ನಕ್ಕ. "ನಿಮ್ಮ ದೆಸೆಯಿಂದ ಅದರ ನಟ್ಟು ಬೋಲ್ಟೆಲ್ಲ ಕಣ್ಣಾರೆ ನೋಡಿದ್ದೀನಿ. ಇನ್ನೆಲ್ಲಿ ಸಿಗುತ್ತೆ ಅಂಥ ಗಾಡಿ? ಸೋಮವಾರ ಬೆಳಿಗ್ಗೆ ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ಅತ್ತೆ ಮನೆಗೆ ಹೊರಡೋದೇ."

ತಾತ ಅವನ ಹೆಗಲ ಮೇಲೆ ಕೈಯಿಟ್ಟ.

"ಅಪ್ಪಾ, ಬಾ ಬೇಗ," ಮಗಳು ಕಾರಿನೊಳಗಿಂದ ಕೂಗಿದಳು.

"ನಿಧಾನವಾಗಿ ಓಡಿಸಪ್ಪಾ," ಎಂದಷ್ಟೇ ಹೇಳಿ ತಾತ ಕಾರು ಹತ್ತಿದ.

ಸೋಮವಾರ ಮಗಳು ಅವನನ್ನು ಅವನು ಕೆಲಸ ಮಾಡುವ ಕಾರ್ಖಾನೆಯ ಗೇಟಿನ ಬಳಿ ಇಳಿಸಿ ಹೊರಟಳು. ಗೇಟಿನ ಮೇಲೆ ದಪ್ಪಕ್ಷರದಲ್ಲಿದ್ದುದು ಅವಳ ಕಾರಿನದೇ ಹೆಸರು. ಒಳಗೆ, ಬೆಸುಗೆ ವಿಭಾಗದ ಕೊನೆಯಲ್ಲಿ, ಪ್ರತಿ ಗಾಡಿಯ ಬೆಸುಗೆಯನ್ನೂ ಬಡಿದು ನೋಡಿ ಬಣ್ಣ ಬಳಿಯಲು ಬಿಡುವುದು ತಾತನ ಕೆಲಸ. ಯಂತ್ರ ಕೆಟ್ಟು ಬೆಸುಗೆ ಸರಿಯಾಗಿ ಹಿಡಿಯದಿದ್ದ ಒಂದು ದಿನ, ಕೆಲಸ ನಿಲ್ಲಬಾರದೆಂದು, ಅವನು ಬಡಿಯದೆಯೇ ಬಿಟ್ಟಿದ್ದ ಗಾಡಿಗಳ ನಂಬರುಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು.

ಅವುಗಳಲ್ಲಿ ಒಂದು ಈಗ ಸೂಪರ್‌ವೈಸರನ ಮಕ್ಕಳನ್ನು ಹೊತ್ತು ಹೆದ್ದಾರಿಯಲ್ಲಿ ಓಡುತ್ತಿತ್ತು.