ಹೆಣ್ಣು ಮುಟ್ಟಬಾರದ ಬಿಲ್ಲು

ಕಾಡುಹಂದಿಯೊಂದು ಆ ಗ್ರೀಕ್ ಹಳ್ಳಿಯ ಹೊಲ, ದ್ರಾಕ್ಷಿತೋಟಗಳನ್ನೆಲ್ಲ ಬಗೆದು ಹಾಕುತ್ತಿತ್ತು. ಅದನ್ನು ಕೊಲ್ಲದಿದ್ದರೆ ಆ ಚಳಿಗಾಲ ಊರಿಗೆ ಉಪವಾಸವೇ ಗತಿ. ಬೇಟೆಗೆ ಹೊರಟ ಹನ್ನೆರಡು ಗಂಡಸರು ಬೇಟೆಯ ದೇವಿ ಆರ್ಟೆಮಿಸ್‌ಳ ಗುಡಿಯ ಮುಂದೆ ಸೇರಿದರು. ಅಲ್ಲಿ ಯಾರೋ ಅಪರಿಚಿತ ಹುಡುಗಿ ನಿಂತಿದ್ದಳು.

“ನಾನೂ ಬರ್ತೀನಿ. ನನ್ನ ಗುರಿ ತಪ್ಪಲ್ಲ.”

ಮುಖಂಡ ಫಿಲೋನ್ ನಕ್ಕ. “ಅಯ್ಯೋ ತಾಯಿ, ಹೆಣ್ಣು ಬಿಲ್ಲು ಮುಟ್ಟಿದ್ರೆ ಬೇಟೆ ಕೆಡುತ್ತೆ. ದೇವಿಗೆ ಸಿಟ್ಟು ಬರುತ್ತೆ.”

“ಹಾಗಂತ ದೇವಿ ಹೇಳಿದ್ಲಾ?”

“ನಮ್ಮಜ್ಜ ಹೇಳಿದ್ದ.”

“ಅಜ್ಜನಿಗೆ ಯಾರು ಹೇಳಿದ್ರು?”

“ಅವರಜ್ಜ! ಎಷ್ಟು ಮಾತು ನಿಂದು? ತಗೋ, ಸುಮ್ನೆ ಗುಡಿ ಗುಡಿಸು,” ಎಂದು ಫಿಲೋನ್ ಅವಳ ಕೈಗೆ ಪೊರಕೆ ತುರುಕಿದ.

ಹಂದಿ ಎದುರಾಗಿದ್ದೇ ತಡ, ಹನ್ನೆರಡು ಮಂದಿಯೂ ಮರ ಹತ್ತಿದರು. ಬಿಲ್ಲುಗಳು ಕೆಳಗೇ ಉಳಿದವು. ಅಷ್ಟರಲ್ಲಿ ಪೊದೆಯ ಹಿಂದಿನಿಂದ ಒಂದೇ ಒಂದು ಬಾಣ ಬಂತು. ಹಂದಿ ಮಗುಚಿ ಬಿತ್ತು.

ಮರ ಇಳಿಯುವಷ್ಟರಲ್ಲಿ ಆ ಬಾಣ ತನ್ನದೆನ್ನುವವರು ನಾಲ್ವರಾಗಿದ್ದರು.

“ಜಗಳ ಬೇಡ್ರೋ, ದೇವಿ ದೊಡ್ಡವಳು,” ಎಂದ ಫಿಲೋನ್. “ಆ ಹುಡುಗೀನ ಕರ್ಕೊಂಡು ಬಂದಿದ್ರೆ ನಮ್ಮ ಗತಿ ಏನಾಗ್ತಿತ್ತು!”

ಕೈಮುಗಿಯಲು ಎಲ್ಲರೂ ಗುಡಿಯೊಳಗೆ ಹೋದರು. ನೆಲದ ಮೇಲೆ ಕಸ ಹಾಗೇ ಬಿದ್ದಿತ್ತು.

“ನೋಡಿದ್ರಾ, ಗುಡಿಸದೇ ಓಡಿಹೋಗಿದಾಳೆ!” ಎಂದು ಗೊಣಗುತ್ತಾ ಫಿಲೋನ್ ತಲೆಯೆತ್ತಿದ.

ಪೀಠದ ಮೇಲೆ ಕಲ್ಲಿನ ದೇವಿ ಎಂದಿನಂತೆ ನಿಂತಿದ್ದಳು. ಬಿಲ್ಲು ಇರಬೇಕಾದ ಕೈಯಲ್ಲಿ ಪೊರಕೆ ಇತ್ತು.